ಅಮ್ಮನ ಮರೆವಿಗೆ ಯಾವ ಪರೀಕ್ಷೆ?

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: ‘ಅಮ್ಮನಿಗೆ 71 ವರ್ಷ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಎಂಆರ್‌ಐ ರಿಪೋರ್ಟಿನಲ್ಲಿ ಮೆದುಳು ವಯಸ್ಸಿಗೆ ತಕ್ಕಷ್ಟು ಕುಗ್ಗಿದೆ ಎಂದಿದೆ. ಅಂದರೆ ಅಲ್ಜೈಮರ್ ಇಲ್ಲವೇ? ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ನಾನೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲೇ?’

ಆ ರಿಪೋರ್ಟೊಂದನ್ನೇ ನಂಬಿ ಸುಮ್ಮನಾಗಬೇಡಿ. ಎಂಆರ್‌ಐ ತೋರಿಸುವುದು ಮೆದುಳಿನ ಆಕಾರವನ್ನು. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಸಣ್ಣದಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ, ಆದರೆ ಶುರುವಿನಲ್ಲಿ ಅದು ಸರಿಯಾಗಿಯೇ ಕಾಣಬಹುದು. ಎಂಆರ್‌ಐನ ದೊಡ್ಡ ಉಪಯೋಗ ಬೇರೆ ಕಾರಣ ಹಿಡಿಯುವುದರಲ್ಲಿದೆ: ಗೆಡ್ಡೆ, ಸಣ್ಣ ಸ್ಟ್ರೋಕುಗಳು, ಬಚ್ಚಲಲ್ಲಿ ಜಾರಿಬಿದ್ದ ಮೇಲೆ ತಲೆಯೊಳಗೆ ಕಟ್ಟಿಕೊಂಡ ರಕ್ತ.

ಅಲ್ಜೈಮರ್‌ನಲ್ಲಿ ಮೆದುಳಿನೊಳಗೆ ಎರಡು ಪ್ರೋಟೀನುಗಳು ಕೆಡುತ್ತವೆ. ಅಮಿಲಾಯ್ಡ್ ನರಕೋಶಗಳ ಹೊರಗೆ ಗಟ್ಟಿಯಾಗುತ್ತದೆ, ಟೌ ಒಳಗೆ ಗಂಟಾಗುತ್ತದೆ. ಇದು ಮರೆವಿಗೂ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ. ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಿದರೆ ಅಮಿಲಾಯ್ಡ್ 42 ಎಂಬ ಅದರ ಒಂದು ರೂಪ ಕಡಿಮೆ ಇರುತ್ತದೆ, ಟೌ ಜಾಸ್ತಿ. ಅಮಿಲಾಯ್ಡ್ ಕಡಿಮೆ ಯಾಕೆ ಅಂದರೆ, ಅದು ಮೆದುಳಿನಲ್ಲೇ ಕಟ್ಟಿಕೊಂಡು ನೀರಿಗೆ ಇಳಿಯುವುದಿಲ್ಲ.

ಪೆಟ್ ಎಂದಾಗ ‘ಯಾವ ಪೆಟ್?’ ಎಂದು ಕೇಳಿ. ನಮ್ಮಲ್ಲಿ ಹೆಚ್ಚಾಗಿ ಮಾಡುವುದು ಎಫ್‌ಡಿಜಿ. ಮೆದುಳಿನ ಯಾವ ಭಾಗ ಸಕ್ಕರೆ ಕಡಿಮೆ ಬಳಸುತ್ತಿದೆ ಎಂದು ಅದು ತೋರಿಸುತ್ತದೆ. ಅಮಿಲಾಯ್ಡ್ ಪೆಟ್ ಬೇರೆ. ಅಮಿಲಾಯ್ಡ್‌ಗೇ ಅಂಟುವ ಔಷಧಿ ಚುಚ್ಚಿ ತೆಗೆಯುವ ಚಿತ್ರ ಅದು. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ನಂಥ ಹೊಸ ಔಷಧಿ ಕೊಡಬೇಕೆಂದಿದ್ದರೆ ಅಮಿಲಾಯ್ಡ್ ಇದೆ ಎಂಬ ಪುರಾವೆ ಬೇಕೇ ಬೇಕು. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆಗೆ ಅದು ಬೇಕಿಲ್ಲ. ಹಾಗಾಗಿ ಚಿಕಿತ್ಸೆ ಬದಲಾಗುತ್ತದೆಯೇ ಎಂದು ಡಾಕ್ಟರನ್ನು ಕೇಳದೆ ಸಾಲ ಮಾಡಿ ಪೆಟ್ ಮಾಡಿಸಬೇಡಿ.

ರಕ್ತದಲ್ಲಿ ಪಿ-ಟೌ 217 ಎಂಬ ಟೌ ರೂಪವನ್ನು ನೋಡುವ ಪರೀಕ್ಷೆಯೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಅದೂ 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ ಮಾತ್ರ. ನಿಮಗೆ ಬೇಡ. ಮೆದುಳಿನಲ್ಲಿ ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಚೆನ್ನಾಗಿ ಬಾಳುವವರಿದ್ದಾರೆ. ಸುಮ್ನೆ ಭಯ ಯಾಕೆ ತಂದುಕೊಳ್ಳಬೇಕು, ಅಲ್ವಾ?

ಅಮ್ಮನಿಗೆ ಮೊದಲು ಬಿ12, ಥೈರಾಯ್ಡ್ ನೋಡಿಸಿ. ಕಿವಿ ಕೇಳಿಸುತ್ತದೆಯೇ, ಮನಸ್ಸು ಕುಗ್ಗಿದೆಯೇ, ಅದನ್ನೂ ನೋಡಲಿ. ಇವಕ್ಕೆ ಮದ್ದಿದೆ, ಖರ್ಚೂ ಕಡಿಮೆ. ಆಮೇಲೆ ಮೈಸೂರಿನಲ್ಲೇ ನರರೋಗ ತಜ್ಞರನ್ನು ಕಾಣಿ. ಅನುಮಾನ ಉಳಿದರೆ ನಿಮ್ಹಾನ್ಸ್ ಇದೆ. ಹೋಗುವಾಗ ಮರೆವು ಯಾವಾಗ ಶುರುವಾಯಿತು, ಡೇರಿಯ ಹಾಲಿನ ಲೆಕ್ಕ ಇಡುವುದು ಯಾವಾಗ ಬಿಟ್ಟರು ಎಂದೆಲ್ಲ ಬರೆದುಕೊಳ್ಳಿ. ಅವರು ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ಕೆಲವು ನಿದ್ದೆ ಮಾತ್ರೆಗಳೂ ಮರೆವು ತರುತ್ತವೆ.