ತಾತನ ಬದುಕನ್ನು ಬರೆದಿಡಬೇಕು, ಅವರಿಗೆ ಏನೇನು ಪ್ರಶ್ನೆ ಕೇಳಲಿ?

ತಾತನಿಗೆ 88 ವರ್ಷ, ಬದುಕೆಲ್ಲ ಲಾರಿ ಓಡಿಸಿ ಮನೆ ಸಾಕಿದವರು, ಕೇಳಿದರೆ "ನನ್ನದೇನಿದೆ ಹೇಳೋಕೆ" ಅಂತಾರೆ, ಹುಟ್ಟುಹಬ್ಬಕ್ಕೆ ಒಂದು ಪುಸ್ತಕ ಮಾಡಬೇಕು, ಪ್ರಶ್ನೆಗಳ ಪಟ್ಟಿ ಕೊಡಿ ಅಂದಿದ್ದೀರಿ. ದಯವಿಟ್ಟು ಪಟ್ಟಿ ಹಿಡಿದು ಕೂರಬೇಡಿ. ನಾನು ಹಾಗೆ ಕೂತಿದ್ದೆ.

ನಮ್ಮ ತಾತ ಟೈಲರ್. ಹುಡುಗನಾಗಿದ್ದಾಗ ಯಾರದೋ ಅಂಗಡಿಯಲ್ಲಿ ಗುಂಡಿ ಹಾಕುವುದು, ಕಾಜ ಹೊಲಿಯುವುದರಿಂದ ಶುರು. ಆಮೇಲೆ ಸ್ವಂತ ಮಿಷನ್ನು. ಸೂಜಿಯ ಕಣ್ಣು ಕಾಣದಾದ ಮೇಲೂ ಬಿಡಲಿಲ್ಲ. ಮೊಮ್ಮಕ್ಕಳಲ್ಲಿ ಯಾರಾದರೂ ದಾರ ಪೋಣಿಸಿ ಕೊಡಬೇಕು, ಅವರು ಮನೆಯವರ ಹರಿದ ಬಟ್ಟೆಗಳನ್ನೆಲ್ಲ ಹುಡುಕಿ ಹುಡುಕಿ ಹೊಲಿಯಬೇಕು. ಮಕ್ಕಳ ಬಟ್ಟೆಗೆ ಯಾವಾಗಲೂ ಒಳಗಡೆ ಒಂದಿಷ್ಟು ಜಾಸ್ತಿ ಮಡಿಸಿ ಹೊಲಿಯುತ್ತಿದ್ದರು. ಮಗು ಉದ್ದವಾದ ಹಾಗೆ ಮಡಿಕೆ ಬಿಚ್ಚುತ್ತಾ ಹೋಗುವುದು. ಪ್ರೀತಿ ಅಂತ ಅವರು ಬಾಯಿಬಿಟ್ಟು ಹೇಳಿದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಆದರೆ ನಮ್ಮೆಲ್ಲರ ತೋಳಿನ ಉದ್ದ ಅವರಿಗೆ ಬಾಯಿಪಾಠ ಇತ್ತು.

ಅವರಿಗೆ 90 ತುಂಬುವಾಗ ನಾನೂ ನಿಮ್ಮ ಹಾಗೇ ಪುಸ್ತಕ ಮಾಡಲು ಹೊರಟೆ. ಹುಟ್ಟಿದ್ದು ಎಲ್ಲಿ, ಶಾಲೆ ಬಿಟ್ಟಿದ್ದು ಯಾವಾಗ, ಅಂಗಡಿ ಹಾಕಿದ್ದು ಯಾವ ವರ್ಷ, ಮನೆ ಕಟ್ಟಿದ್ದು ಯಾವ ವರ್ಷ, ಇಂದಿನ ಯುವಕರಿಗೆ ನಿಮ್ಮ ಸಂದೇಶ ಏನು. ಎಲ್ಲ ಸಾಲಾಗಿ ಬರೆದುಕೊಂಡಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ಒಂದೊಂದೇ ಕೇಳಿದೆ. ಅಂಗಡಿಯ ವರ್ಷ ಕೇಳಿದಾಗ ತಾತ ಹೇಳಿದ್ದು ಇದು: "ವರ್ಷ ಗೊತ್ತಿಲ್ಲ ಮಗಾ. ಆಗ ನಿಮ್ಮಜ್ಜಿಗೆ ನಿಮ್ಮ ದೊಡ್ಡಪ್ಪ ಹೊಟ್ಟೇಲಿದ್ದ. ಆ ಅಳತೆ ಪುಸ್ತಕ ತಗೊಂಡು ಬಾ, ಅದರಲ್ಲಿ ಒಂದು ವಿಷಯ ಇದೆ."

ನಾನು "ಪುಸ್ತಕ ಆಮೇಲೆ ನೋಡೋಣ ತಾತ, ವರ್ಷ ಅಂದಾಜು ಹೇಳಿ" ಅಂದೆ. ರೆಕಾರ್ಡಿಂಗ್ ನಿಲ್ಲಿಸಿದೆ.

ಇದೇ ನನ್ನ ತಪ್ಪು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನೀವು ಕೇಳಿರುವ ಪಟ್ಟಿಯಿಂದ ಇದೇ ಆಗುವುದು. ತಾತ ದಾರಿ ತಪ್ಪುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಕೂತು ಟೈಪ್ ಮಾಡುವಾಗ ಬೇಡದ ಮಾತು ಕಡಿಮೆ ಇದ್ದರೆ ಅನುಕೂಲ ಅಂದುಕೊಂಡೆ. ಅವರು ಓಡಾಡಿಕೊಂಡು ಗಟ್ಟಿಯಾಗಿದ್ದರು, ಪುಸ್ತಕ ಎಲ್ಲಿಗೆ ಹೋಗುತ್ತದೆ, ನಾಳೆ ನೋಡಿದರಾಯಿತು ಅಂದುಕೊಂಡೆ. ಎಲ್ಲಕ್ಕಿಂತ ಮೊದಲು, ಅವರ ಬದುಕು ಅಂದರೆ ಏನು ಅನ್ನುವುದನ್ನು ಅವರನ್ನು ಕೇಳುವ ಮುಂಚೆಯೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಅದು ವರ್ಷಗಳ ಸಾಲು, ಖಾಲಿ ಜಾಗ ತುಂಬಿಸಿದರೆ ಮುಗಿಯಿತು ಅಂತ. ಒಂದು ಸಲ ಅಲ್ಲ, ಅವರು ಆಚೀಚೆ ಹೋದಾಗಲೆಲ್ಲ ಹಾಗೇ ನಿಲ್ಲಿಸಿದೆ. ತಾತನಿಗೆ ಅದು ಬೇಗ ಅರ್ಥವಾಯಿತು. ಉತ್ತರಗಳು ಚಿಕ್ಕದಾಗುತ್ತಾ ಬಂದವು. ಕೊನೆಕೊನೆಗೆ ಅವರೇ "ಮುಂದಿನ ಪ್ರಶ್ನೆ ಏನು?" ಅಂತ ಕೇಳುತ್ತಿದ್ದರು. ಈಗ ಆ ರೆಕಾರ್ಡಿಂಗ್ ಹಾಕಿದರೆ ನನಗೆ ಕೇಳಿಸುವುದು ಅದೊಂದೇ.

ಪುಸ್ತಕ ಅಚ್ಚಾಯಿತು. ಎಲ್ಲರೂ ಚೆನ್ನಾಗಿದೆ ಅಂದರು. ಅದರಲ್ಲಿ ಇರುವುದನ್ನೆಲ್ಲ ನಮ್ಮ ಅತ್ತೆಯನ್ನು ಕೇಳಿದ್ದರೂ ಹೇಳುತ್ತಿದ್ದರು.

ಅದಾದ ಸ್ವಲ್ಪ ದಿನಕ್ಕೆ ತಾತನಿಗೆ ಸ್ಟ್ರೋಕ್ ಆಯಿತು. ಬಲಗೈ, ಮಾತು ಎರಡೂ ಹೋದವು. ಮಿದುಳಿನ ಎಡಗಡೆ ಪೆಟ್ಟಾದಾಗ ಹೆಚ್ಚಾಗಿ ಈ ಎರಡೂ ಒಟ್ಟಿಗೇ ಹೋಗುತ್ತವಂತೆ. ನಾವು ಹೇಳಿದ್ದು ಅವರಿಗೆ ತಿಳಿಯುತ್ತಿತ್ತು, ಅವರಿಗೆ ಹೇಳಲು ಆಗುತ್ತಿರಲಿಲ್ಲ. ಆಗ ನಾನು ಅಳತೆ ಪುಸ್ತಕ ತಂದು ಮಡಿಲಲ್ಲಿಟ್ಟೆ. ಎಡಗೈಯಲ್ಲಿ ಹಾಳೆ ತಿರುವಿ ಹಿಂದಿನ ಪುಟಗಳಿಗೆ ಹೋದರು, ಒಂದು ಕಡೆ ಬೆರಳಿಟ್ಟು ನನ್ನ ಮುಖ ನೋಡಿದರು. ಬಾಯಿಂದ ಬರೀ ಶಬ್ದ ಬಂತು.

ಆ ಪುಟಗಳೆಲ್ಲ ಮನೆಮಕ್ಕಳದು. ಹೆಸರಿಲ್ಲ. ಒಬ್ಬರಿಗೆ ಎಲೆಯ ಗುರುತು, ಒಬ್ಬರಿಗೆ ತ್ರಿಕೋನ, ಒಬ್ಬರಿಗೆ ಎರಡು ಚುಕ್ಕೆ. ಅದರ ಕೆಳಗೆ ಉದ್ದ, ಎದೆ, ಸೊಂಟ, ಭುಜ, ತೋಳು. ಮಗು ಬೆಳೆದ ಹಾಗೆ ಅಂಕಿಗಳು ಬೆಳೆಯುತ್ತಾ ಹೋಗಿವೆ. ಅಪ್ಪ, ದೊಡ್ಡಪ್ಪ, ಅತ್ತೆ ಕೂತು ಇದು ನಂದು, ಇದು ನಿಂದು ಅಂತ ಸುಮಾರು ಗುರುತು ಹಿಡಿದರು. ಒಂದು ಗುರುತು ಮಾತ್ರ ಯಾರದೆಂದು ಗೊತ್ತಾಗಲಿಲ್ಲ. ಅದರ ಕೆಳಗೆ ಒಂದೇ ಸಲದ ಅಳತೆ ಇದೆ, ತೀರಾ ಚಿಕ್ಕದು. ಆಮೇಲೆ ಪುಟ ಖಾಲಿ. ಅಜ್ಜಿ ಆಗಲೇ ಇರಲಿಲ್ಲ. ತಾತ 91ಕ್ಕೆ ಹೋದರು. ಕೇಳಲು ಇನ್ನು ಯಾರೂ ಇಲ್ಲ.

ಈಗ ನಿಮ್ಮ ತಾತನ ವಿಷಯ. "ನನ್ನದೇನಿದೆ" ಅನ್ನುವುದು ಸಂಕೋಚ ಅಂತ ನೀವು ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಬದುಕಿನ ಬಗ್ಗೆ ಹೇಳಿ ಅಂದರೆ ದುಡಿದ ಮನುಷ್ಯ ಇನ್ನೇನು ಹೇಳಬೇಕು? ಅವರು ಬದುಕನ್ನು ಹಾಗೆ ದೂರ ನಿಂತು ನೋಡಿದವರಲ್ಲ. ಕೆಲಸದ ಬಗ್ಗೆ ಕೇಳಿ. ರಾತ್ರಿ ಲಾರಿ ಎಲ್ಲಿ ನಿಲ್ಲಿಸುತ್ತಿದ್ದಿರಿ, ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ, ಕ್ಲೀನರ್ ಹುಡುಗ ಯಾರಿದ್ದ, ಮನೆಗೆ ಬಂದಾಗ ಬಾಗಿಲು ಯಾರು ತೆಗೆಯುತ್ತಿದ್ದರು. ಸ್ಟೇರಿಂಗಿನಿಂದ ಶುರುವಾದ ಮಾತು ತಾನಾಗಿಯೇ ನಿಮ್ಮಜ್ಜಿಯ ಹತ್ತಿರ ಬರುತ್ತದೆ. ಕೈಗೆ ಹಳೇ ಲೈಸೆನ್ಸೋ ಸ್ಪ್ಯಾನರೋ ಕೊಟ್ಟರೆ ಇನ್ನೂ ಒಳ್ಳೆಯದು.

ಹೇಳಿದ್ದನ್ನೇ ಹೇಳುತ್ತಾರೆ, ಬರೀ ಚಿಕ್ಕ ವಯಸ್ಸಿನದೇ ಹೇಳುತ್ತಾರೆ ಅಂತಲೂ ಬರೆದಿದ್ದೀರಿ. ಹೇಳಲಿ ಬಿಡಿ. ವಯಸ್ಸಾದವರಿಗೆ ಹೆಚ್ಚಾಗಿ ನೆನಪಾಗುವುದು ಸುಮಾರು 10ರಿಂದ 30ರ ವಯಸ್ಸಿನ ಸಂಗತಿಗಳು ಅಂತ ನೆನಪಿನ ಬಗ್ಗೆ ಕೆಲಸ ಮಾಡುವವರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಹಿಂದೆ ವೈದ್ಯರೂ ಇದನ್ನು ಅರಳುಮರುಳು ಅನ್ನುತ್ತಿದ್ದರು. 1963ರಲ್ಲಿ ರಾಬರ್ಟ್ ಬಟ್ಲರ್ ಅನ್ನುವ ಅಮೆರಿಕದ ಮನೋವೈದ್ಯ, ಅಲ್ಲ, ಮುಪ್ಪಿನಲ್ಲಿ ಹಿಂತಿರುಗಿ ನೋಡುವುದು ಸಹಜ, ಅದು ಅವರಿಗೆ ಬೇಕು ಅಂತ ಬರೆದರು. ನನ್ನ ತಾತನೂ ಅದನ್ನೇ ಮಾಡುತ್ತಿದ್ದರು, ನಾನು ನಡುವೆ ವರ್ಷ ಕೇಳಿದೆ. ನೀವು ಕೇಳಬೇಡಿ. ಇಸವಿ ತಪ್ಪು ಹೇಳಿದರೂ ತಿದ್ದಬೇಡಿ. ಅದನ್ನು ಕಾಗದಪತ್ರದಲ್ಲಿ ಆಮೇಲೆ ನೋಡಿಕೊಳ್ಳಬಹುದು.

ಹೊಗಳಿಕೆಯ ಪುಸ್ತಕವನ್ನೂ ಮಾಡಬೇಡಿ. ಲಾರಿ ಓಡಿಸಿದವರು ಅಂದರೆ ಮನೆಯಲ್ಲಿ ಇಲ್ಲದ ದಿನಗಳೇ ಜಾಸ್ತಿ ಅಲ್ವಾ? ಆ ದಿನಗಳ ಬಗ್ಗೆ ನಿಮ್ಮ ತಂದೆಗೆ ಏನೋ ಬೇಜಾರು ಇರಬಹುದು. ತಾತನಿಗೂ ಇರುತ್ತದೆ. ಮನೆಗಾಗಿ ಮನೆಯಿಂದ ದೂರ ಇದ್ದದ್ದು ಅವರಿಗೆ ಹೇಗಿತ್ತು ಅಂತ ಕೇಳದೆ "ಕುಟುಂಬ ಪ್ರೇಮಿ" ಅಂತ ಬರೆದರೆ ಅದು ಅವರ ಬಗ್ಗೆ ಏನೂ ಹೇಳುವುದಿಲ್ಲ. ಕೇಳುವಾಗ ನೀವಿಬ್ಬರೇ ಇರಿ. ಮನೆಮಂದಿಯೆಲ್ಲ ಸೇರಿದರೆ ಬೇರೆಯವರೇ ಉತ್ತರ ಹೇಳುತ್ತಾರೆ.

ಕಿವಿ ಮಂದ ಅಂತ ಕೂಗಬೇಡಿ. ವಯಸ್ಸಾದ ಹಾಗೆ ಮೊದಲು ಹೋಗುವುದು ಕೀಚಲು ಸ್ವರ ಕೇಳುವ ಶಕ್ತಿ. ಎದುರಿಗೆ ಕೂತು, ದನಿ ಸ್ವಲ್ಪ ತಗ್ಗಿಸಿ, ನಿಧಾನಕ್ಕೆ ಮಾತಾಡಿದರೆ ಚೆನ್ನಾಗಿ ಕೇಳಿಸುತ್ತದೆ. 2003ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸ್ಟೋರಿಕೋರ್ ಸಂಸ್ಥೆ ಪರಿಚಯದ ಇಬ್ಬರನ್ನು 40 ನಿಮಿಷ ಮಾತಾಡಿಸಿ ರೆಕಾರ್ಡ್ ಮಾಡುತ್ತದೆ. ನೀವೂ ಒಮ್ಮೆಗೆ ಅಷ್ಟೇ ಸಾಕು ಮಾಡಿ, ಅವರಿಗೆ ಸುಸ್ತಾಗಬಾರದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ, ಅವರ ಹತ್ತಿರ ಇಡಿ. ಅವತ್ತೇ ಇನ್ನೆರಡು ಕಡೆ ಕಾಪಿ ಮಾಡಿ.

ಪ್ರಶ್ನೆ ಬೇಕೇ ಬೇಕು ಅಂದರೆ ಹಳೇ ಫೋಟೋಗಳಿಂದ ಶುರು ಮಾಡಿ. ಇವರು ಯಾರು, ಇವರು ಯಾರು ಅಂತ ಒಬ್ಬೊಬ್ಬರನ್ನೂ ಕೇಳಿ. ಮೆತ್ತನೆಯ ಪೆನ್ಸಿಲಿನಲ್ಲಿ ಹಿಂದುಗಡೆ ಹೆಸರು ಬರೆಯಿರಿ, ಒತ್ತಿ ಬರೆಯಬೇಡಿ, ಪೆನ್ನು ಬೇಡ. ಒಳ್ಳೇ ಕ್ಯಾಮೆರಾ ತರುವ ತಮ್ಮ ಬರುವವರೆಗೆ ಕಾಯುತ್ತೇನೆ ಅಂದಿದ್ದೀರಲ್ಲ, ಅದೂ ಬೇಡ. ಅವನು ಬಂದಾಗ ವೀಡಿಯೊ ಮಾಡಲಿ. ನೀವು ಈ ವಾರವೇ ಕೂತುಕೊಳ್ಳಿ.