ಸಾಕಿದ ಹಾವು ಎರಡೇ ದಿನಕ್ಕೆ ಇಲಿ ಕಕ್ಕಿದೆ, ಮತ್ತೆ ತಿನ್ನಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಒಂದೂವರೆ ವರ್ಷದ ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಒಂದು ಜಾತಿಯ ಹಾವು), ತಿಂದ ಇಲಿಯನ್ನು ಎರಡನೇ ದಿನ ಹೊರಗೆ ಹಾಕಿದೆ. ಈಗ ಗೂಡಿನ ತುಂಬಾ ಓಡಾಡುತ್ತಿದೆ, ಹಸಿದ ಹಾಗಿದೆ, ಇನ್ನೊಂದು ಇಲಿ ಕೊಡಲೇ ಅಂತ. ಬೇಡ. ಇವತ್ತು ಬೇಡ, ಈ ವಾರವೂ ಬೇಡ.

ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ, ನಾನೂ ಅದೇ ತಪ್ಪು ಮಾಡಿದವನು. ನನ್ನದೂ ಕಾರ್ನ್ ಸ್ನೇಕೇ. ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಮೂಲೆಯಲ್ಲಿ ಉದ್ದಕ್ಕೆ ಎಳೆದಂತಿದ್ದ ಇಲಿ. ತಲೆಯ ಕಡೆ ಕೂದಲೆಲ್ಲ ಹೋಗಿ ಬೂದು ಮುದ್ದೆಯಾಗಿತ್ತು, ಹಿಂಗಾಲು ಮತ್ತು ಬಾಲ ಮಾತ್ರ ನುಂಗಿದಾಗ ಹೇಗಿತ್ತೋ ಹಾಗೇ ಇತ್ತು. ಹಾವು ತಲೆಯಿಂದ ನುಂಗುತ್ತದಲ್ವಾ, ಜೀರ್ಣವೂ ಅಲ್ಲಿಂದಲೇ ಶುರುವಾಗಿ ಅರ್ಧಕ್ಕೇ ನಿಂತಿತ್ತು. ಪಾಪ ಅನ್ನಿಸಿ ನಾಲ್ಕನೇ ದಿನ ಇನ್ನೊಂದು ಇಲಿ ಕೊಟ್ಟೆ. ಗಬಕ್ಕನೆ ಹಿಡಿದು ನುಂಗಿತು. ಮರುದಿನ ಅದೂ ಆಚೆ ಬಂತು.

ಕಕ್ಕಿದಾಗ ಹೊರಗೆ ಬರೋದು ಇಲಿ ಒಂದೇ ಅಲ್ಲ. ಹೊಟ್ಟೆಯ ಆಮ್ಲ ಮೇಲೆ ಬಂದು ಅನ್ನನಾಳವನ್ನು ಸುಡುತ್ತದೆ. ಜೀರ್ಣರಸ, ನೀರು, ಲವಣ ಎಲ್ಲವೂ ಜೊತೆಗೇ ಹೋಗುತ್ತವೆ. ಇನ್ನು ಹಾವಿಗೆ ಒಂದು ಊಟ ಅಂದರೆ ಸಣ್ಣ ಕೆಲಸವಲ್ಲ. ಬರ್ಮೀಸ್ ಹೆಬ್ಬಾವಿನಲ್ಲಿ ದೊಡ್ಡ ಊಟವಾದ ಒಂದೆರಡು ದಿನದಲ್ಲೇ ಸಣ್ಣ ಕರುಳು ಬೆಳೆದು ಹೆಚ್ಚುಕಡಿಮೆ ಎರಡರಷ್ಟು ತೂಕವಾಗುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಕುಗ್ಗುತ್ತದೆ. ಸುಸ್ತಾದ ಹೊಟ್ಟೆಗೆ ಆ ಕೆಲಸವನ್ನು ಮತ್ತೆ ಮತ್ತೆ ಹೇರಿದರೆ ಹಾವು ಸೊರಗುತ್ತದೆ. ಒಂದು ಸಲ ಕಕ್ಕಿದ್ದಕ್ಕಿಂತ ಸಾಲಾಗಿ ಎರಡು ಮೂರು ಸಲ ಕಕ್ಕೋದೇ ಅಪಾಯ.

ಹಾಗಾಗಿ ಹತ್ತರಿಂದ ಹದಿನಾಲ್ಕು ದಿನ ಬರೀ ನೀರು. ಹಾವನ್ನು ಕೈಗೆ ಎತ್ತಿಕೊಳ್ಳೋದೂ ಬೇಡ. ಆಮೇಲೆ ಮಾಮೂಲಿಯ ಅರ್ಧದಷ್ಟು ದೊಡ್ಡ ಇಲಿ ಕೊಡಿ. ಅದು ಒಳಗೆ ಉಳಿದು ಹಿಕ್ಕೆ ಬಂದರೆ, ಮುಂದಿನ ಎರಡು ಮೂರು ಊಟವೂ ಸಣ್ಣದೇ ಇರಲಿ. ಆರೋಗ್ಯವಾಗಿರುವ ಹಾವು ಎರಡು ವಾರ ಉಪವಾಸ ಇದ್ದರೆ ಏನೂ ಆಗಲ್ಲ. ಒದ್ದಾಡೋದು ನಾವು.

ಈ ಎರಡು ವಾರದಲ್ಲಿ ನಿಮಗೆ ಕೆಲಸ ಇದೆ. ಮೊದಲು ಬಿಸಿ ನೋಡಿ. ಹಾವಿಗೆ ಮೈಯೊಳಗೆ ಒಲೆ ಇಲ್ಲ, ಹೊರಗಿನ ಬಿಸಿಯಲ್ಲೇ ಅದರ ಹೊಟ್ಟೆ ಕೆಲಸ ಮಾಡಬೇಕು. ಬಿಸಿ ಸಾಲದಿದ್ದರೆ ಇಲಿ ಒಳಗೇ ಕೊಳೆಯುತ್ತದೆ, ಹಾವು ಅದನ್ನು ಹೊರಗೆ ಹಾಕುತ್ತದೆ. ಕಾರ್ನ್ ಸ್ನೇಕ್‌ಗೆ ಬಿಸಿ ಬದಿಯಲ್ಲಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ತಂಪು ಬದಿಯಲ್ಲಿ 24ರ ಆಸುಪಾಸು ಇರಬೇಕು. ನನ್ನ ಗೂಡಿನ ಗಾಜಿಗೆ ಅಂಟಿಸಿದ್ದ ಥರ್ಮಾಮೀಟರ್ 30 ತೋರಿಸುತ್ತಿತ್ತು, ನಾನು ನಂಬಿಕೊಂಡು ಕೂತಿದ್ದೆ. ವೈರ್ ಇರುವ ಥರ್ಮಾಮೀಟರ್ ತಂದು, ಹಾವು ಮಲಗುವ ಜಾಗದಲ್ಲೇ ಅದರ ತುದಿ ಇಟ್ಟರೆ 24! ಅಡಿಯ ಹೀಟ್ ಮ್ಯಾಟ್ ಒಂದು ಕಡೆ ಕಿತ್ತುಕೊಂಡು ಜೋಲಾಡುತ್ತಿತ್ತು. ಅಷ್ಟೇ ಆಗಿದ್ದು. ಹಾಗಂತ ಬಿಸಿ ಏರಿಸಿಬಿಡಬೇಡಿ, ಜಾಸ್ತಿಯಾದರೂ ಕಕ್ಕುತ್ತದೆ. ಬಿಸಿ ಮಿತಿ ಮೀರದಂತೆ ತಾನೇ ನೋಡಿಕೊಳ್ಳುವ ಥರ್ಮೋಸ್ಟಾಟ್ ಮ್ಯಾಟ್‌ಗೆ ಇರಲೇಬೇಕು.

ಬಿಸಿ ಸರಿಯಾಗಿದ್ದರೆ ಇಲಿಯ ಗಾತ್ರ ಯೋಚಿಸಿ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ತುಂಬಾ ದಪ್ಪ ಇರಬಾರದು. ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯಾದರೆ ನಡುವಿನವರೆಗೂ ಕರಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ತಿಂದ ಮೇಲೆ ಕಡಿಮೆಯೆಂದರೂ 48 ಗಂಟೆ ಹಾವನ್ನು ಮುಟ್ಟಬಾರದು. ನೆಂಟರು ಬಂದರು, ಮಕ್ಕಳಿಗೆ ತೋರಿಸಿದೆ ಅನ್ನೋದೇ ಎಷ್ಟೋ ಸಲ ಕಾರಣ ಆಗಿರುತ್ತದೆ. ಅಡಗಿಕೊಳ್ಳೋಕೆ ಜಾಗ ಇಲ್ಲದೆ ಹೆದರಿದರೂ ಕಕ್ಕುತ್ತದೆ.

ಹಿಕ್ಕೆ ಹಾಕಿ ಹತ್ತು ದಿನ ಆಯ್ತು ಅಂತಲೂ ಬರೆದಿದ್ದೀರಿ. ಒಳಗೆ ಏನೂ ಉಳಿದಿಲ್ಲದಿದ್ದರೆ ಹೊರಗೆ ಬರೋದೇನು? ಅದಕ್ಕೆ ಸದ್ಯ ತಲೆ ಕೆಡಿಸಿಕೊಳ್ಳಬೇಡಿ. ಬಾಲದ ಹತ್ತಿರ ಗಟ್ಟಿ ಉಬ್ಬು ಕಂಡರೆ ಮಾತ್ರ, ಉಗುರುಬೆಚ್ಚಗಿನ ನೀರನ್ನು ಮೈ ಅರ್ಧ ಮುಳುಗುವಷ್ಟು ಹಾಕಿ ಕಾಲು ಗಂಟೆ ಬಿಡಿ, ಪಕ್ಕದಲ್ಲೇ ಕೂತಿರಿ. ಹೊಟ್ಟೆ ಒತ್ತಬೇಡಿ, ಎಣ್ಣೆ ಕುಡಿಸಬೇಡಿ. ಒಂದೆರಡು ದಿನದಲ್ಲಿ ಆ ಉಬ್ಬು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಎಲ್ಲಾ ಸರಿಯಿದ್ದೂ ಎರಡನೇ ಸಲ ಕಕ್ಕಿದರೆ ಕಾಯಬೇಡಿ. ಬೆನ್ನುಮೂಳೆ ಎದ್ದು ಕಾಣುವಷ್ಟು ಬಡಕಲಾಗಿದ್ದರೆ, ಹಿಕ್ಕೆಯಲ್ಲಿ ರಕ್ತ ಇದ್ದರೆ, ಬಾಯಲ್ಲಿ ಲೋಳೆ ಇದ್ದರೂ ಅಷ್ಟೇ. ಮೈಯ ನಡುಭಾಗ ಊದಿಕೊಂಡಿದೆ, ಆದರೆ ತಿಂಗಳಿಂದ ಏನೂ ತಿಂದಿಲ್ಲ ಅಂದರೆ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರೋಪಜೀವಿಯ ಅನುಮಾನ ಬರುತ್ತದೆ. ಅದಕ್ಕೆ ನಂಬಬಹುದಾದ ಔಷಧಿ ಇಲ್ಲ, ಮನೆಯ ಬೇರೆ ಹಾವುಗಳಿಗೂ ಹರಡುತ್ತದೆ. ಹಾವು ನೋಡಿ ಗೊತ್ತಿರುವ ಪಶುವೈದ್ಯರೇ ಬೇಕು, ನಾಯಿ ಬೆಕ್ಕಿನ ಜಂತುಮಾತ್ರೆಯನ್ನು ಅಂದಾಜಲ್ಲಿ ಕೊಡಬೇಡಿ. ಹೋಗುವಾಗ ತಾಜಾ ಹಿಕ್ಕೆ ಅಥವಾ ಕಕ್ಕಿದ ಇಲಿಯನ್ನೇ ಕವರಲ್ಲಿ ಕಟ್ಟಿ ಒಯ್ಯಿರಿ. ಅಸಹ್ಯ ಅನ್ನಿಸಬಹುದು, ಆದರೆ ನಾವು ಬಾಯಲ್ಲಿ ಹೇಳೋದಕ್ಕಿಂತ ಅದು ಜಾಸ್ತಿ ಹೇಳುತ್ತದೆ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ನಿಮ್ಮ ಗೂಡಿನ ಬಿಸಿ ಬದಿಯಲ್ಲಿ, ಗಾಜಿನ ಮೇಲಲ್ಲ ನೆಲದ ಮೇಲೆ, ಎಷ್ಟು ಡಿಗ್ರಿ ಇದೆ ಅಂತ ಅಳೆದು ಬರೆಯಿರಿ. ಇಲಿ ಎಷ್ಟು ದಪ್ಪ ಇತ್ತು ಅಂತಲೂ ತಿಳಿಸಿ, ಮುಂದಿನದು ನೋಡೋಣ.