ಕ್ಷಮೆ ಕೇಳಿದ್ದು ಸರಿಯಾಗಿತ್ತೇ? ಅಂತಿಮ ತೀರ್ಪಿನ ಭಯದ ಒಂದು ಪ್ರಕರಣ

“ಪವಿತ್ರಾತ್ಮನನ್ನು ದೂಷಿಸಿಬಿಟ್ಟಿದ್ದೇನೆ, ನನಗಿನ್ನು ಕ್ಷಮೆಯಿಲ್ಲ” ಎಂದು ಬರುವವರು ಕ್ರೈಸ್ತರ ನಡುವೆ ಆಪ್ತಸಲಹೆ ಮಾಡುವ ಯಾರಿಗೂ ಹೊಸಬರಲ್ಲ. ಹೆಚ್ಚಿನವರು ಭಕ್ತಿಯಲ್ಲಿ ಬಿಗಿಯಾದವರು. ದೇವರನ್ನು ನಿಜಕ್ಕೂ ಬೈದು ನಗುವವರು ಈ ಪ್ರಶ್ನೆ ಹಿಡಿದು ನಿದ್ದೆಗೆಡುವುದಿಲ್ಲ. ಈ ಪ್ರಕರಣವನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಹೀಗೆ ಬಂದ ಒಬ್ಬ ಮಹಿಳೆಗೆ ನಾವು ಕೊಟ್ಟ ಸಲಹೆಗೆ ಆಕೆಯ ಸಭೆಯ (ಚರ್ಚಿನ) ಹಿರಿಯರೊಬ್ಬರಿಂದಲೇ ಆಕ್ಷೇಪ ಬಂತು: “ಪಶ್ಚಾತ್ತಾಪ ಪಡಬೇಡ ಅನ್ನುವ ಆಪ್ತಸಲಹೆ ಎಂಥದ್ದು?” ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.

ಆಕೆ ನರ್ಸ್. ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಮನೆತನ, ಕೆಲಸ ಬೆಂಗಳೂರಿನಲ್ಲಿ, ಹೊಸದಾಗಿ ಮದುವೆ. ಉಜ್ಜೀವನ ಕೂಟವೊಂದರಲ್ಲಿ, ಪವಿತ್ರಾತ್ಮನನ್ನು ದೂಷಿಸಿದವನಿಗೆ ಎಂದಿಗೂ ಕ್ಷಮೆಯಿಲ್ಲ ಎಂಬ ಯೇಸುವಿನ ಎಚ್ಚರಿಕೆ ಇರುವ ಮಾರ್ಕನ 3ನೇ ಅಧ್ಯಾಯದ ಮೇಲೆ ಪ್ರಸಂಗ ಕೇಳಿ ಬಂದ ರಾತ್ರಿ, ಪ್ರಾರ್ಥನೆಯ ನಡುವೆ ಪವಿತ್ರಾತ್ಮನ ಬಗ್ಗೆ ಒಂದು ಹೊಲಸು ಮಾತು ತಾನಾಗಿಯೇ ಮನಸ್ಸಿಗೆ ಬಂತು. ಅಂದಿನಿಂದ ಪಶ್ಚಾತ್ತಾಪದ ಪ್ರಾರ್ಥನೆ ಶುರು. ನಡುವೆ ಬೇರೆ ಯಾವ ಯೋಚನೆ ಸುಳಿದರೂ ಮೊದಲಿನಿಂದ ಮತ್ತೆ. ರಾತ್ರಿ ಎರಡು ಗಂಟೆಯಾದರೂ ಮುಗಿಯದು. ಬೈಬಲನ್ನು ಕಣ್ಣುಮುಚ್ಚಿ ತೆರೆದು ಬೆರಳಿಟ್ಟು, ಸಿಕ್ಕಿದ ವಚನ ಶಾಪದ್ದೋ ವಾಗ್ದಾನದ್ದೋ ಎಂದು ನೋಡುವುದು. ಗಂಡನಿಗೆ, ಪಾಸ್ಟರಿಗೆ, ಯೂಟ್ಯೂಬಿನ ಬೋಧಕರಿಗೆ ಅದೇ ಪ್ರಶ್ನೆ. ಅಯೋಗ್ಯವಾಗಿ ತಿಂದು ಕುಡಿಯುವವನು ತನಗೇ ನ್ಯಾಯತೀರ್ಪನ್ನು ತಂದುಕೊಳ್ಳುತ್ತಾನೆ ಎಂಬ 1 ಕೊರಿಂಥ 11ರ ಮಾತಿಗೆ ಹೆದರಿ, ಸಭೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೂ ಹೋಗುವುದನ್ನು ಬಿಟ್ಟಿದ್ದಳು. ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಅದನ್ನೇ ತನ್ನ ಆತ್ಮ ಸತ್ತಿರುವುದಕ್ಕೆ ಸಾಕ್ಷಿ ಮಾಡಿಕೊಂಡಿದ್ದಳು.

ಇಂಥವರು ಬಂದಾಗ ಎಲ್ಲರೂ ಮೊದಲು ಮಾಡುವುದು ವಚನ ತೋರಿಸಿ ಸಮಾಧಾನ ಹೇಳುವ ಕೆಲಸ. ಅದು ಬೇಕು, ಆದರೆ ಒಮ್ಮೆ ಮಾತ್ರ, ಸರಿಯಾಗಿ. ಮಾರ್ಕ 3ರಲ್ಲಿ ಆ ಎಚ್ಚರಿಕೆ ಹೋಗಿದ್ದು ಯೆರೂಸಲೇಮಿನಿಂದ ಬಂದ ಶಾಸ್ತ್ರಿಗಳಿಗೆ. ಕಣ್ಣೆದುರು ದೆವ್ವ ಬಿಡಿಸಿದ್ದನ್ನು ಕಂಡೂ ಅದು ದೆವ್ವಗಳ ಒಡೆಯ ಬೆಲ್ಜೆಬೂಲನ ಕೆಲಸವೆಂದು ಸಾರುತ್ತಿದ್ದವರು ಅವರು. ಅವರು ಹಾಗೆ ಹೇಳಿದ್ದರಿಂದಲೇ ಯೇಸು ಈ ಮಾತಾಡಿದನೆಂದು 30ನೇ ವಚನ ಕಾರಣ ಕೊಡುತ್ತದೆ. ಬೇಡವೆಂದರೂ ನುಗ್ಗುವ ಯೋಚನೆಯ ವಿಚಾರ ಅಲ್ಲಿಲ್ಲ. ಎಫೆಸ 2ರಲ್ಲಿ ಪಾಪಗಳ ದೆಸೆಯಿಂದ ಸತ್ತವರು ಅನ್ನಿಸಿಕೊಂಡವರು ಭಾವನೆ ಒಣಗಿದವರಲ್ಲ, ದೇವರಿಂದ ದೂರವಾಗಿದ್ದವರು. ಅವರನ್ನು ಕ್ರಿಸ್ತನೊಡನೆ ಬದುಕಿಸಲಾಯಿತು ಎನ್ನುವುದಕ್ಕಾಗಿಯೇ ಆ ಮಾತು ಬಂದಿದೆ. ಪ್ರಕಟನೆ 20ರ ಅಂತಿಮ ತೀರ್ಪಿನ ಬೆಳ್ಳಗಿರುವ ಸಿಂಹಾಸನ, ತೆರೆದ ಪುಸ್ತಕಗಳು, ಜೀವಬಾಧ್ಯರ ಪಟ್ಟಿ, ಎರಡನೆಯ ಮರಣವೆಂಬ ಬೆಂಕಿಯ ಕೆರೆ, ಇವೆಲ್ಲ ಆಕೆಗೆ ಬಾಯಿಪಾಠ. ನನ್ನನ್ನು ಕಳುಹಿಸಿದವನನ್ನು ನಂಬುವವನು ತೀರ್ಪಿಗೆ ಗುರಿಯಾಗದೆ ಮರಣದಿಂದ ಜೀವಕ್ಕೆ ದಾಟಿದ್ದಾನೆ ಎಂಬ ಯೋಹಾನ 5:24 ಕೂಡ.

ಬಾಯಿಪಾಠವಿದ್ದದ್ದೇ ತೊಡಕು. ಪಾಸ್ಟರು ಯೋಹಾನ 5:24 ತೋರಿಸಿದರೆ ಆಕೆಗೆ ಅರ್ಧ ದಿನ ಹಗುರ. ಸಂಜೆಗೆ, ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರಲಾಗದು ಎನ್ನುವ ಇಬ್ರಿಯ 6:4ರಿಂದ 6 ನೆನಪಾಗುವುದು. ಅದಕ್ಕೂ ಉತ್ತರ ಸಿಕ್ಕರೆ, ಬೇಕೆಂದೇ ಪಾಪ ಮಾಡುವವರಿಗೆ ಇನ್ನು ಯಜ್ಞವಿಲ್ಲ ಎನ್ನುವ ಇಬ್ರಿಯ 10:26. ಅದಾದ ಮೇಲೆ 1 ಯೋಹಾನ 5:16ರ ಮರಣಕರವಾದ ಪಾಪ.

ತಿರುವು ಬಂದದ್ದು ಈ ವಾದದ ನಡುವೆಯೇ. ದೇವರು ಕ್ಷಮಿಸಲಾರ ಎಂದು ನಿನ್ನ ನಂಬಿಕೆಯೇ ಎಂದು ನೇರವಾಗಿ ಕೇಳಿದ್ದಕ್ಕೆ ಆಕೆ ತಕ್ಷಣ ಇಲ್ಲ ಅಂದಳು. “ಕೇಳಿದವರನ್ನೆಲ್ಲಾ ಕ್ಷಮಿಸ್ತಾನೆ, ಅದರಲ್ಲಿ ಡೌಟಿಲ್ಲ. ನಾನು ಕೇಳಿದ್ದು ಸರಿಯಾಗಿತ್ತಾ ಅನ್ನೋದೇ ಡೌಟು.” ಸರಿ ಅಂದರೆ ಹೇಗಿರಬೇಕು? “ಪೂರ್ತಿ ಮನಸ್ಸಿನಿಂದ.” ಪೂರ್ತಿಯಾಯಿತು ಎಂದು ಹೇಗೆ ತಿಳಿಯುತ್ತದೆ? ಆಕೆ ಬಹಳ ಹೊತ್ತು ಸುಮ್ಮನಿದ್ದಳು. “ಒಳಗೆ ಹಗುರಾಗಬೇಕು. ಆಗೋ ತನಕ ಬಿಡೋ ಹಾಗಿಲ್ಲ.” ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಚಾರ್ಟಿನಲ್ಲಿ ಸಹಿ ಮಾಡಿದ ಮೇಲೆ ಮತ್ತೆ ಹೋಗಿ ನೋಡುತ್ತೀಯಾ ಎಂದು ಕೇಳಿದಾಗ ಆಕೆಯ ಮುಖ ಬದಲಾಯಿತು. ನೋಡುತ್ತಿದ್ದಳು. ಮದುವೆಗೆ ಮುಂಚೆ ಮನೆಯ ಗ್ಯಾಸ್ ನಾಬನ್ನೂ. ಹದಿನಾಲ್ಕರ ವಯಸ್ಸಿನಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ನೋಂದಣಿ ಸಂಖ್ಯೆಯನ್ನೂ. “ಹಾಗಾದ್ರೆ ಇದೂ ಅದೇನಾ?” ಎಂದು ಕೇಳಿದವಳು ಅವಳೇ.

ಮುಂದಿನದೆಲ್ಲ ನಿಂತಿದ್ದು ಆ ಪ್ರಶ್ನೆಯ ಮೇಲೆ. ಇದು ಗೀಳು ಮನೋರೋಗ, ಒಸಿಡಿ. ಧರ್ಮದ ವಿಷಯ ಹಿಡಿದಾಗ ಇದಕ್ಕೆ ಸ್ಕ್ರೂಪ್ಯುಲಾಸಿಟಿ ಎನ್ನುತ್ತಾರೆ. ನಂಬಿಕೆಯ ಕೊರತೆಗೂ ಇದಕ್ಕೂ ಸಂಬಂಧವಿಲ್ಲ. ಪ್ರತಿ ಸಮಾಧಾನವೂ ಗಾಯ ಒಣಗಿದೆಯೇ ಎಂದು ಪಟ್ಟಿ ಬಿಚ್ಚಿ ನೋಡಿದ ಹಾಗೆ: ನೋಡಿದ್ದಕ್ಕೇ ಒಣಗದು. ಆತಂಕವನ್ನು ತಕ್ಷಣ ಇಳಿಸುವ ಯಾವ ಕ್ರಿಯೆಯಾದರೂ, ಪ್ರಾರ್ಥನೆಯೇ ಆಗಲಿ, ಮುಂದಿನ ಆತಂಕ ಬೇಗ ಬರುವಂತೆ ಮೆದುಳನ್ನು ಪಳಗಿಸುತ್ತದೆ.

ಮೊದಲು ಮನೋವೈದ್ಯರ ಬಳಿ ಕಳುಹಿಸಲಾಯಿತು. ಒಸಿಡಿಯ ತೀವ್ರತೆಯನ್ನು ಅಳೆಯುವ ಯೇಲ್-ಬ್ರೌನ್ ಅಳತೆ 40 ಅಂಕದ್ದು. ಆಕೆ 24ರಿಂದ 31ರ ತೀವ್ರ ಹಂತದಲ್ಲಿದ್ದಳು. ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ ಶುರುವಾಯಿತು. ಖಿನ್ನತೆಗೆ ಕೊಡುವುದಕ್ಕಿಂತ ಒಸಿಡಿಗೆ ಅದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚು, ಗುಣ ಕಾಣಲು 8ರಿಂದ 12 ವಾರ ಬೇಕು. ಮೂರನೇ ವಾರಕ್ಕೇ “ಏನೂ ಆಗಲಿಲ್ಲ” ಎಂದು ಬಿಟ್ಟುಬಿಡುವವರೇ ಬಹಳ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ಮೊದಲ ಭೇಟಿಯಲ್ಲೇ ಕೇಳಿಕೊಳ್ಳಬೇಕು. ನರಕಕ್ಕೆ ಹೆದರುವವರು ಅಂಥದ್ದಕ್ಕೆ ಕೈಹಾಕುವುದಿಲ್ಲ ಎಂದು ಕುಟುಂಬದವರು ನಂಬಿರುತ್ತಾರೆ. ಆದರೆ ಎರಡನೆಯ ಮರಣ ಹೇಗೂ ಖಚಿತ ಎಂದುಕೊಂಡವರಿಗೆ ಮೊದಲನೆಯದು ತಡೆಯಾಗದೇ ಇರಬಹುದು. ರಾತ್ರಿಯ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮನೆಯ ಎಲ್ಲರ ಫೋನಿನಲ್ಲೂ ಇರಲಿ.

ಆಮೇಲೆ ಅಭ್ಯಾಸ. ಪಾಸ್ಟರನ್ನು ಒಮ್ಮೆ ಒಟ್ಟಿಗೆ ಕೂರಿಸಿ, ಮಾರ್ಕ 3ರ ಉತ್ತರವನ್ನು ಅವರ ಬಾಯಿಂದಲೇ ಹೇಳಿಸಲಾಯಿತು. ಬರೆದುಕೊಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆವು: ಬರೆದುಕೊಟ್ಟರೆ ಆ ಚೀಟಿಯನ್ನು ದಿನಕ್ಕೆ ನೂರು ಸಲ ಓದುವುದೇ ಹೊಸ ಗೀಳಾಗುತ್ತದೆ. ಪ್ರಾರ್ಥನೆ ಬೆಳಿಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ, ಅಲಾರಾಂ ಹೊಡೆದಾಗ ವಾಕ್ಯದ ನಡುವಿದ್ದರೂ ಆಮೆನ್. ಕೆಟ್ಟ ಯೋಚನೆ ಬಂದರೆ ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ಬೈಬಲನ್ನು ಕ್ರಮವಾಗಿ ಓದಬೇಕು, ಬೆರಳಿಟ್ಟು ತೆರೆಯುವಂತಿಲ್ಲ. ಗಂಡ ಪ್ರಶ್ನೆಗೆ ಉತ್ತರ ಕೊಡುವಂತಿಲ್ಲ, ಆತ ಹೇಳಬೇಕಾದದ್ದು ಇಷ್ಟೇ: “ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಇದಕ್ಕೆ ಉತ್ತರ ಆಗಿದೆ. ಬಾ, ಪಕ್ಕದಲ್ಲಿ ಕೂತಿರ್ತೀನಿ.”

ಭಯ ಹುಟ್ಟಿಸುವ ಸಂಗತಿಗಳನ್ನು ಸೊನ್ನೆಯಿಂದ ನೂರರ ಅಂಕದಲ್ಲಿ ಆಕೆಯೇ ಪಟ್ಟಿ ಮಾಡಿದಳು. ಮಾರ್ಕ 3ರ ಪುಟವನ್ನು ಮುಟ್ಟುವುದು ಮೂವತ್ತು, ಅದನ್ನು ಗಟ್ಟಿಯಾಗಿ ಓದಿ ಸುಮ್ಮನೆ ಎದ್ದು ಹೋಗುವುದು ಐವತ್ತೈದು. “ನಾನು ಆ ಪಾಪ ಮಾಡಿದ್ದೇನೋ ಇಲ್ಲವೋ ಎಂಬುದು ನನಗೆ ನೂರಕ್ಕೆ ನೂರು ಗೊತ್ತಾಗದೇ ಇರಬಹುದು” ಎಂದು ಬರೆದು ಹಾಗೇ ಬಿಡುವುದು ಎಂಬತ್ತು. ಕರ್ತನ ಭೋಜನ ತೊಂಬತ್ತೈದು. ಕೆಳಗಿನಿಂದ ಶುರುಮಾಡಿ, ಒಂದೊಂದರಲ್ಲೂ ಭಯ ಏರಿದರೂ ಕ್ರಿಯೆಯಿಂದ ಅಳಿಸದೆ ಕೂರಬೇಕು. ಭಯ ತಾನಾಗಿ ಇಳಿಯುತ್ತದೆ. ಇಳಿಯದ ದಿನವೂ ಇರುತ್ತದೆ. ಅಂದು ತಡೆದುಕೊಂಡು ಕೂತದ್ದೇ ಪಾಠ. ಇಲ್ಲಿ ಕೆಡುವುದು ಮನಸ್ಸಿನೊಳಗಿನ ಕಳ್ಳ ಪ್ರಾರ್ಥನೆಯಿಂದ. ತುಟಿ ಅಲ್ಲಾಡಿರುವುದಿಲ್ಲ, ಒಳಗೆ “ಯೇಸುವೇ ಕ್ಷಮಿಸು” ಎಂದಾಗಿರುತ್ತದೆ. ಪ್ರತಿ ಭೇಟಿಯಲ್ಲೂ ಇದನ್ನು ಕೇಳದಿದ್ದರೆ ಅಭ್ಯಾಸವೆಲ್ಲ ವ್ಯರ್ಥ. ಯಾವ ಹಂತದಲ್ಲೂ ದೂಷಣೆಯ ಮಾತು ಆಡಿಸಲಿಲ್ಲ. ಆಕೆಯ ಸಭೆ ಪಾಪವೆನ್ನುವುದನ್ನು ಚಿಕಿತ್ಸೆಯ ಹೆಸರಲ್ಲಿ ಮಾಡಿಸುವ ಹಕ್ಕು ಚಿಕಿತ್ಸಕರಿಗಿಲ್ಲ, ಅದರ ಅಗತ್ಯವೂ ಇಲ್ಲ.

ಇನ್ನು ಆ ಹಿರಿಯರ ಆಕ್ಷೇಪ. ನರಕವಿಲ್ಲ, ತೀರ್ಪಿಲ್ಲ ಎಂದು ಈ ಸಲಹೆಯಲ್ಲಿ ಎಲ್ಲೂ ಹೇಳಿಲ್ಲ. ಹೇಳಿದ್ದರೆ ಆಕೆ ನಂಬುತ್ತಲೂ ಇರಲಿಲ್ಲ, ನಮ್ಮನ್ನೇ ಸುಳ್ಳುಬೋಧಕರ ಸಾಲಿಗೆ ಸೇರಿಸುತ್ತಿದ್ದಳು. ತೀರ್ಪು ದೇವರದ್ದು ಎಂಬುದು ಅವರದೇ ಬೋಧನೆ. ಆಕೆಯಾದರೋ ದಿನಾ ರಾತ್ರಿ ತಾನೇ ಆ ಸಿಂಹಾಸನದ ಮೇಲೆ ಕೂತು ತನ್ನ ಖಾತೆ ತೆರೆಯುತ್ತಿದ್ದಳು. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಅದಕ್ಕೂ ಮುಂಚೆ ಜರ್ಮನಿಯ ಎರ್ಫರ್ಟಿನ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಎದ್ದುಹೋದ ಮೇಲೂ ಬಿಟ್ಟುಹೋದ ಪಾಪಗಳಿಗಾಗಿ ಒದ್ದಾಡಿದ್ದು ಪ್ರೊಟೆಸ್ಟಂಟರಿಗೆ ಗೊತ್ತಿರುವ ಸಂಗತಿಯೇ. ಕಥೋಲಿಕರಲ್ಲಿ 1522ರ ಹೊತ್ತಿಗೆ ಸ್ಪೇನಿನ ಮನ್ರೇಸಾದಲ್ಲಿ, ಮುಂದೆ ಯೇಸುಸಭೆ ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ ಇದೇ ಸುಳಿಗೆ ಸಿಕ್ಕು ಸಾಯುವ ಯೋಚನೆಯವರೆಗೂ ಹೋಗಿ, ಕಡೆಗೆ ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆ ಬಿಡುಗಡೆ ಕಂಡರು. ಪುನರಾವರ್ತನೆ ನಿಲ್ಲಿಸುವ ಬುದ್ಧಿ ಮನಶ್ಶಾಸ್ತ್ರ ಹೊರಗಿನಿಂದ ತಂದದ್ದಲ್ಲ.

ಕಥೋಲಿಕರೊಬ್ಬರು ಇದೇ ತೊಂದರೆ ಹೊತ್ತು ಬಂದರೆ ಏರ್ಪಾಡು ಸ್ವಲ್ಪ ಬೇರೆ: ಒಬ್ಬನೇ ಗುರು, ಗೊತ್ತುಮಾಡಿದ ದಿನಕ್ಕೆ ಮಾತ್ರ ಪಾಪನಿವೇದನೆ, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಮನಸಾರೆ ಒಪ್ಪಿಗೆ ಮೂರೂ ಬೇಕೆಂಬುದು ಅವರ ಧರ್ಮೋಪದೇಶದಲ್ಲೇ ಇದೆ. ನುಗ್ಗಿ ಬಂದ ಯೋಚನೆಯಲ್ಲಿ ಒಪ್ಪಿಗೆಯಿಲ್ಲ ಎಂದು ಗುರು ಒಮ್ಮೆ ಹೇಳಿದರೆ ಸಾಕು.

ಆಕೆ ತೊಂಬತ್ತೈದರ ಮೆಟ್ಟಿಲನ್ನೂ ಹತ್ತಿದಳು. ಭೋಜನ ತೆಗೆದುಕೊಂಡ ಮೇಲೆ ಮನೆಗೆ ಬಂದು ಕ್ಷಮೆ ಕೇಳದೆ ಅಡುಗೆ ಮಾಡಿದಳು. ಕೆಲವು ವಾರಗಳ ನಂತರ ಹೊಸ ಪ್ರಶ್ನೆ ಬಂತು. 1 ತಿಮೊಥೆ 4ರಲ್ಲಿ ಬರೆ ಬಿದ್ದು ಮರಗಟ್ಟಿದ ಮನಸ್ಸಾಕ್ಷಿಯ ಮಾತಿದೆಯಲ್ಲ, ಈಗ ಭಯ ಕಡಿಮೆಯಾಗಿರುವುದು ಅದೇ ಇರಬಹುದಲ್ಲವೇ, ಈ ಚಿಕಿತ್ಸೆಯೇ ಸೈತಾನನ ಮೋಸವಲ್ಲವೇ? ಗುಣವಾಗುತ್ತಿರುವವರಲ್ಲಿ ಇದು ಬಂದೇ ಬರುತ್ತದೆನ್ನಬಹುದು. ಪಾಸ್ಟರುಗಳೂ ಇಲ್ಲೇ ಮತ್ತೆ ವಾದಕ್ಕಿಳಿಯುವುದು. ವಾದ ಮಾಡಲಿಲ್ಲ. ಎಷ್ಟು ಅಂಕ ಎಂದು ಕೇಳಿದ್ದಕ್ಕೆ ಎಪ್ಪತ್ತು ಅಂದಳು. ಪಟ್ಟಿಯಲ್ಲಿ ಅದರ ಜಾಗಕ್ಕೆ ಬರೆದು, ಆ ವಾರದ ಅಭ್ಯಾಸಕ್ಕೆ ಅದನ್ನೇ ಕೊಟ್ಟು ಕಳುಹಿಸಲಾಯಿತು.